ನಾಯಿಗೆ ಬಿರುಗಾಳಿಯ ಮುನ್ನರಿವುಂಟೆ?

ಮಳೆ ಬರುವುದಕ್ಕೆ ಮುಂಚೆಯೇ ನಾಯಿಗೆ ಅದು ತಿಳಿಯುತ್ತದೆ ಎಂಬುದು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ವೈಶಾಖದ ಸಂಜೆ ಗಾಳಿ ಬಿದ್ದುಹೋಗಿ ಎಲೆ ಅಲುಗದಿರುವ ಹೊತ್ತಿನಲ್ಲಿ ಬೀದಿಯ ನಾಯಿ ಇದ್ದಕ್ಕಿದ್ದಂತೆ ಎದ್ದು, ಮೂತಿಯನ್ನು ಮೇಲೆತ್ತಿ ಊಳಿಟ್ಟರೆ, ಜಗುಲಿಯ ಮೇಲಿನ ಮುದುಕರು ಒಣಹಾಕಿದ್ದನ್ನು ಒಳಕ್ಕೆ ತೆಗೆಯಿರೆಂದು ಕೂಗಿ ಹೇಳುತ್ತಾರೆ. ಮಳೆ ಬಂದರೆ ಆ ಮಾತು ಊರಿನ ನೆನಪಿನಲ್ಲಿ ಉಳಿಯುತ್ತದೆ. ಬಾರದಿದ್ದರೆ ಮರುದಿನ ಅದನ್ನು ಯಾರೂ ಎತ್ತುವುದಿಲ್ಲ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ಪ್ರಾಣಿಶಾಸ್ತ್ರಜ್ಞರು ತಮ್ಮ ರೀತಿಯಲ್ಲಿ ವಿಚಾರಮಾಡುತ್ತಾರೆ. ನಾವು ಚರಿತ್ರೆಯ ಕಡೆಯವರು. ಈ ನಂಬಿಕೆಯನ್ನು ಬರೆದಿಟ್ಟವರು ಯಾರು, ಏನೆಂದು ಬರೆದರು, ಪ್ರಾಣಿಗಳ ಅರಿವನ್ನು ನೆಚ್ಚಿ ಮನುಷ್ಯನು ತನ್ನ ಜೀವವನ್ನು ಉಳಿಸಿಕೊಳ್ಳಬಹುದೆ ಎಂದು ಯಾರು ಯಾವಾಗ ಕೇಳಿದರು ಎಂಬುದೇ ನಮಗೆ ಮುಖ್ಯವಾದ ವಿಷಯ.

ನಮ್ಮ ದೇಶದ ಗ್ರಂಥಗಳಲ್ಲಿ ಇದಕ್ಕೆ ದೊರೆಯುವ ಸ್ಪಷ್ಟವಾದ ಸಾಕ್ಷ್ಯವೆಂದರೆ ಅವಂತಿಯ ವರಾಹಮಿಹಿರನು ಕ್ರಿ. ಶ. 6ನೆಯ ಶತಮಾನದಲ್ಲಿ ರಚಿಸಿದ ಬೃಹತ್ಸಂಹಿತೆ. ಆ ಗ್ರಂಥದಲ್ಲಿ ಮಳೆಯನ್ನು ಕುರಿತ ಅಧ್ಯಾಯಗಳು ಹಲವು ಇವೆ. ಅವುಗಳಲ್ಲೊಂದರಲ್ಲಿ ನಾಯಿ ಎರಡು ಬಾರಿ ಕಾಣಿಸಿಕೊಳ್ಳುತ್ತದೆ. ದನಕರುಗಳು ಮನೆಯಿಂದ ಹೊರಡಲು ಒಪ್ಪದೆ ಕಿವಿಯನ್ನೂ ಗೊರಸನ್ನೂ ಒದರುತ್ತಿದ್ದರೆ, ನಾಯಿಗಳೂ ಹಾಗೆಯೇ ಮಾಡಿದರೆ, ಮಳೆ ಬೀಳುವುದೆಂದು ಹೇಳಬೇಕೆನ್ನುತ್ತಾನೆ. ನಾಯಿಗಳು ಮನೆಯ ಸೂರಿನ ಮೇಲೆ ನಿಂತು ಆಕಾಶಕ್ಕೆ ಮುಖಮಾಡಿ ಅತ್ತರೆ, ಅದರೊಡನೆ ಹಗಲಿನಲ್ಲಿ ಈಶಾನ್ಯದ ಕಡೆ ಮಿಂಚಿದರೆ, ಭೂಮಿಯೆಲ್ಲ ನೀರಿನಿಂದ ಸಮನಾಗುವುದೆಂದು ಇನ್ನೊಂದು ಕಡೆ ಹೇಳುತ್ತಾನೆ. ತರಗತಿಯಲ್ಲಿ ಇದನ್ನು ಓದಿ ಹೇಳಿದಾಗ ವಿದ್ಯಾರ್ಥಿಗಳು ನಗುವುದುಂಟು. ನಾಯಿಗೆ ಸೂರಿನ ಮೇಲೇನು ಕೆಲಸವೆಂದು ಕೇಳುವುದುಂಟು. ಚಿತ್ರದುರ್ಗ, ಬಳ್ಳಾರಿಗಳ ಕಡೆಯ ಮಣ್ಣಿನ ಮಾಳಿಗೆಯ ಮನೆಗಳನ್ನು ಕಂಡವರು ನಗುವುದಿಲ್ಲ. ಅಲ್ಲಿ ಮಾಳಿಗೆಯೂ ಹಿತ್ತಲಿನ ಗೋಡೆಯೂ ಒಂದಕ್ಕೊಂದು ತಾಗಿರುವೆಡೆ ನಾಯಿ ಮೇಲಕ್ಕೆ ಹತ್ತುವುದು ಕಷ್ಟವಲ್ಲ. ನೆಲದ ಸೆಕೆ ತಾಳಲಾರದಾಗ ಗಾಳಿಯಾಡುವ ಎತ್ತರವನ್ನು ಅದು ಹುಡುಕುತ್ತದೆ. ಸೆಕೆ ಹಾಗೆ ಏರಿದ ದಿನ ಸಂಜೆಗೆ ಗುಡುಗುಮಳೆಯಾಗುವುದೂ ಸಹಜವೇ. ವರಾಹಮಿಹಿರನಾಗಲಿ ಅವನ ಹಿಂದಿನವರಾಗಲಿ ಕಣ್ಣಾರೆ ಕಂಡದ್ದನ್ನೇ ಬರೆದಿದ್ದಾರೆಂದು ಭಾವಿಸಲು ಅಡ್ಡಿಯಿಲ್ಲ.

ಆದರೆ ನಾವು ಗಮನಿಸಬೇಕಾದ ಸ್ವಾರಸ್ಯವು ಈ ಶ್ಲೋಕಗಳ ಅರ್ಥದಲ್ಲಿರುವುದಕ್ಕಿಂತ ಅವು ಇರುವ ಸ್ಥಾನದಲ್ಲಿ ಹೆಚ್ಚಾಗಿದೆ. ವರಾಹಮಿಹಿರನು ದೂರದ ಮಳೆಯನ್ನು ಹೇಳುವುದಕ್ಕೆ ಬೇರೊಂದು ವಿಧಾನವನ್ನು ಕೊಡುತ್ತಾನೆ. ಮೋಡಗಳು ಗರ್ಭಧರಿಸುತ್ತವೆಂದೂ, ಗರ್ಭಧರಿಸಿದ 195 ದಿನಗಳ ಮೇಲೆ ಮಳೆಯಾಗಿ ಪ್ರಸವಿಸುತ್ತವೆಂದೂ ಅವನ ಮತ. ಇದಕ್ಕಾಗಿಯೇ ಪ್ರತ್ಯೇಕವಾದ ಅಧ್ಯಾಯಗಳಿವೆ. ಅಲ್ಲಿ ಗಾಳಿ, ಮೋಡ, ಮಿಂಚು, ಚಂದ್ರನ ಸುತ್ತಿನ ಪರಿವೇಷ ಮುಂತಾದವುಗಳ ವಿಚಾರವಿದೆ. ನಾಯಿಯನ್ನು ಅವನು ಆ ಗೋಷ್ಠಿಗೆ ಸೇರಿಸಲಿಲ್ಲ. ಅದಕ್ಕೆ ಸ್ಥಳ ಕೊಟ್ಟದ್ದು ಸದ್ಯೋವರ್ಷವೆಂಬ ಅಧ್ಯಾಯದಲ್ಲಿ, ಎಂದರೆ ಆ ದಿನವೇ, ಆ ಹೊತ್ತಿನಲ್ಲೇ ಬೀಳುವ ಮಳೆಯ ಲಕ್ಷಣಗಳನ್ನು ಹೇಳುವೆಡೆಯಲ್ಲಿ. ಮೊಟ್ಟೆಗಳನ್ನು ಹೊತ್ತು ಸಾಗಿಸುವ ಇರುವೆಗಳು, ಉಗುರಿನಿಂದ ನೆಲವನ್ನು ಕೆರೆಯುವ ಬೆಕ್ಕು, ತಲೆಯೆತ್ತಿ ಸೂರ್ಯನನ್ನು ನೋಡುವ ಹಸು ಇವೇ ಅಲ್ಲಿ ನಾಯಿಯ ಜೊತೆಗಾರರು. ಇದಲ್ಲದೆ ಅದೇ ಗ್ರಂಥದ ಶಕುನ ಪ್ರಕರಣದಲ್ಲಿ ಶ್ವಚಕ್ರವೆಂದು ನಾಯಿಗೇ ಮೀಸಲಾದ ಒಂದು ಅಧ್ಯಾಯವಿದೆ. ಪ್ರಯಾಣಕ್ಕೆ ಹೊರಟವನಿಗೆ ನಾಯಿಯ ಚೇಷ್ಟೆಯಿಂದ ಆಗುವ ಶುಭಾಶುಭಗಳನ್ನು ಅಲ್ಲಿ ಹೇಳಿದೆ. ಶಕುನದ ನಾಯಿ ಒಂದು ಕಡೆ, ಮಳೆಯ ನಾಯಿ ಇನ್ನೊಂದು ಕಡೆ. ಎರಡನ್ನೂ ಕಲಸಿಹಾಕಿದವರು ಮುಂದಿನ ಕಾಲದವರು. ನಾಯಿಯ ಅರಿವು ಹತ್ತಿರದ ಅರಿವೇ ಹೊರತು ದೂರದ ಅರಿವಲ್ಲವೆಂಬ ವಿವೇಕ ಆ ಅಧ್ಯಾಯ ವಿಭಾಗದಲ್ಲಿಯೇ ಅಡಗಿದೆಯೆಂದು ನಮ್ಮ ಅಭಿಪ್ರಾಯ.

ಕನ್ನಡದಲ್ಲಿಯೂ ಮಳೆಬೆಳೆಗಳ ಲಕ್ಷಣವನ್ನು ಹೇಳುವ ಸಾಹಿತ್ಯ ಹಳೆಯದು. ಸುಮಾರು ಕ್ರಿ. ಶ. 1300ರ ರಟ್ಟಕವಿಯ ರಟ್ಟಮತವು ಮಳೆ, ಮಿಂಚು, ಭೂಕಂಪ, ಗ್ರಹಚಾರಗಳನ್ನೇ ವಿಷಯವಾಗಿ ಉಳ್ಳ ಗ್ರಂಥ. ಈ ಪರಂಪರೆಯವರನ್ನು ಮೂಢರೆಂದು ತಳ್ಳಿಹಾಕುವುದು ಈಚೆಗೆ ಓದಿದವರಿಗೆ ಸುಲಭ. ಅವರಿಗೆ ಸಕಲವೂ ತಿಳಿದಿತ್ತೆಂದು ಎದೆ ತಟ್ಟಿಕೊಳ್ಳುವುದು ಇನ್ನೂ ಸುಲಭ. ಎರಡೂ ಓದುವ ಶ್ರಮವನ್ನು ತಪ್ಪಿಸಿಕೊಳ್ಳುವ ಉಪಾಯಗಳೇ.

ಪಶ್ಚಿಮದಲ್ಲಿ ಗ್ರೀಕರ ಅರಾಟಸನು ಕ್ರಿ. ಪೂ. 3ನೆಯ ಶತಮಾನದಲ್ಲಿ ಬರೆದ ಪದ್ಯಗ್ರಂಥದಲ್ಲಿ, ನಾಯಿ ಕಾಲಿನಿಂದ ನೆಲವನ್ನು ಕೆದಕುವುದು ಬಿರುಗಾಳಿಯ ಕುರುಹೆಂದು ಹೇಳಿದೆ. ಅವನನ್ನು ಅನುಸರಿಸಿದ ರೋಮನ್ ಕವಿ ವರ್ಜಿಲನ ಕೃಷಿಕಾವ್ಯದಲ್ಲಿ ಮೊಟ್ಟೆ ಹೊತ್ತ ಇರುವೆಯೂ, ಮೂಗರಳಿಸಿ ಆಕಾಶವನ್ನು ನೋಡುವ ಕಡಸೂ ಬರುತ್ತವೆ. ಇವನ್ನು ನಮ್ಮವರು ಅವರಿಂದ ತೆಗೆದುಕೊಂಡರೆಂದಾಗಲಿ ಅವರು ನಮ್ಮವರಿಂದ ತೆಗೆದುಕೊಂಡರೆಂದಾಗಲಿ ವಾದಿಸುವವರಿದ್ದಾರು. ಇರುವೆ ಎರಡು ದೇಶಗಳಲ್ಲಿಯೂ ಮೊಟ್ಟೆ ಹೊರುತ್ತದೆಯಾದ್ದರಿಂದ ಕವಿಗಳಲ್ಲಿ ಯಾರನ್ನೂ ಕಳ್ಳರೆನ್ನಬೇಕಾದ ಅಗತ್ಯ ನಮಗೆ ತೋರುವುದಿಲ್ಲ. ವರ್ಜಿಲನಲ್ಲಿ ಹೊಸದಾದದ್ದು ಕಾರಣದ ವಿಚಾರ. ಲ್ಯಾಟಿನ್ ಅರಿಯದ ನಾವು ಇಂಗ್ಲಿಷ್ ಭಾಷಾಂತರದ ಮೂಲಕ ತಿಳಿದುಕೊಂಡಷ್ಟು ಮಟ್ಟಿಗೆ ಅವನ ತಾತ್ಪರ್ಯ ಹೀಗಿದೆ: ಈ ಪ್ರಾಣಿಗಳಿಗೆ ದೇವರು ವಿಶೇಷವಾದ ಬುದ್ಧಿಯನ್ನು ಕೊಟ್ಟಿಲ್ಲ, ಮುಂದಾಗುವುದನ್ನು ಕಾಣುವ ಶಕ್ತಿಯೂ ಅವುಗಳಿಗಿಲ್ಲ, ಗಾಳಿಯೂ ತೇವವೂ ಬದಲಾಗಿ, ವಿರಳವಾಗಿದ್ದದ್ದು ಸಾಂದ್ರವಾಗಿ ಸಾಂದ್ರವಾದದ್ದು ವಿರಳವಾದಾಗ, ಅವುಗಳ ಮನಸ್ಸಿನ ಚಲನೆಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ವಾಯುಭಾರವೆಂಬುದನ್ನು ಅಳೆಯುವ ಯಂತ್ರ 17ನೆಯ ಶತಮಾನದಲ್ಲಿ ಹುಟ್ಟುವುದಕ್ಕೆ ಹದಿನಾರು ನೂರು ವರ್ಷಗಳಿಗೂ ಹಿಂದೆ ಒಬ್ಬ ಕವಿ ಇಷ್ಟು ಹೇಳಿದ್ದು ಸಣ್ಣ ಮಾತಲ್ಲ.

ಇಷ್ಟಾದರೂ ಈ ಹಿಂದಿನವರಲ್ಲಿ ಯಾರೂ ಮಾಡದ ಕೆಲಸವೊಂದಿತ್ತು. ವರಾಹಮಿಹಿರನು ಒಂದು ಹಸ್ತ ಅಗಲದ ಪಾತ್ರೆಯನ್ನಿಟ್ಟು ಬಿದ್ದ ಮಳೆಯನ್ನು ಅಳೆಯಬೇಕೆಂದು ವಿಧಿಸಿ, 50 ಪಲಕ್ಕೆ ಒಂದು ಆಢಕವೆಂದು ಲೆಕ್ಕವನ್ನೂ ಕೊಟ್ಟಿದ್ದಾನೆ. ಮಳೆಗೆ ಅಳತೆಯಿತ್ತು, ನಾಯಿಗೆ ಇರಲಿಲ್ಲ. ಎಷ್ಟು ಸಲ ಅದು ಅತ್ತಿತು, ಅತ್ತ ಎಷ್ಟು ದಿನ ಮಳೆಯಾಯಿತು, ಅಳದ ಎಷ್ಟು ದಿನ ಆಯಿತು ಎಂಬ ಲೆಕ್ಕ ಶ್ಲೋಕದಲ್ಲಿ ಇಲ್ಲ.

ಲೆಕ್ಕದ ಕಡೆಗೆ ಒಂದು ಹೆಜ್ಜೆಯಿಟ್ಟವನು ಇಂಗ್ಲೆಂಡಿನ ವಿಟ್ಬಿ ಎಂಬ ರೇವುಪಟ್ಟಣದ ವೈದ್ಯನಾದ ಜಾರ್ಜ್ ಮೆರಿವೆದರ್. ಅವನಿಗೆ ಸ್ಫೂರ್ತಿ ದೊರೆತದ್ದು ಒಂದು ವಿನೋದದ ಪದ್ಯದಿಂದ. ಸಿಡುಬಿಗೆ ದೇವಿಹಾಕುವ ವಿಧಾನವನ್ನು ಲೋಕಕ್ಕೆ ಕೊಟ್ಟ ಎಡ್ವರ್ಡ್ ಜೆನ್ನರನು, ಸ್ನೇಹಿತನು ವಿಹಾರಕ್ಕೆ ಕರೆದಾಗ ಬರಲಾರೆನೆನ್ನುವುದಕ್ಕೆ ಮಳೆಯ ಕುರುಹುಗಳನ್ನೆಲ್ಲ ಪಟ್ಟಿಮಾಡಿ ಆ ಪದ್ಯವನ್ನು ಬರೆದನಂತೆ. ಅದರಲ್ಲಿ ಅವನ ನಾಯಿಯೂ ಇದೆ. ಮಾಂಸದ ಮೂಳೆಯನ್ನು ಬಿಟ್ಟು ಹುಲ್ಲು ತಿನ್ನುತ್ತಿದೆ. ಗಾಜಿನ ಸೆರೆಮನೆಯಲ್ಲಿ ಮೇಲಕ್ಕೇರಿದ ಜಿಗಣೆಯೂ ಇದೆ. ಮೆರಿವೆದರನು ಜಿಗಣೆಯನ್ನು ಆರಿಸಿಕೊಂಡನು. ನಾಯಿಯನ್ನು ಏಕೆ ಬಿಟ್ಟನೆಂದು ಊಹಿಸುವುದು ಕಷ್ಟವಲ್ಲ: ನಾಯಿ ಊಳಿಡುವುದಕ್ಕೆ ಹಸಿವು, ಬೆದೆ, ಬೆಳದಿಂಗಳು, ನೆರೆಯ ನಾಯಿ ಹೀಗೆ ನೂರು ಕಾರಣಗಳುಂಟು, ಸೀಸೆಯಲ್ಲಿಟ್ಟ ಜಿಗಣೆಗೆ ಅಷ್ಟು ವ್ಯವಹಾರವಿಲ್ಲ. ಹನ್ನೆರಡು ಸೀಸೆಗಳನ್ನು ವೃತ್ತಾಕಾರವಾಗಿ ಇಟ್ಟು, ಒಂದೊಂದರಲ್ಲಿ ಸ್ವಲ್ಪ ಮಳೆಯ ನೀರನ್ನೂ ಒಂದು ಜಿಗಣೆಯನ್ನೂ ಬಿಟ್ಟು, ಜಿಗಣೆ ಸೀಸೆಯ ಕತ್ತಿಗೆ ಏರಿದೊಡನೆ ಒಂದು ಸಣ್ಣ ಸುತ್ತಿಗೆ ಮೇಲಿನ ಗಂಟೆಯನ್ನು ಹೊಡೆಯುವಂತೆ ಏರ್ಪಡಿಸಿದನು. ವೃತ್ತಾಕಾರವೇಕೆಂದರೆ, ಅವು ಒಂದನ್ನೊಂದು ನೋಡುತ್ತ ಏಕಾಂತವಾಸದ ದುಃಖವಿಲ್ಲದೆ ಇರಲೆಂದು! ಗಂಟೆ ಹೆಚ್ಚು ಸಲ ಬಾರಿಸಿದಷ್ಟೂ ಬಿರುಗಾಳಿ ಹೆಚ್ಚು ನಿಶ್ಚಯವೆಂದು ಅವನ ಗಣನೆ.

ಈ ಯಂತ್ರವು 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಕಾಣಿಸಿಕೊಂಡು ಹಲವರ ನಗೆಗೆ ಗುರಿಯಾಯಿತು. ನಾವು ಮಾತ್ರ ನಗುವುದಕ್ಕೆ ಹಿಂಜರಿಯುತ್ತೇವೆ. ಏಕೆಂದರೆ ಮೆರಿವೆದರನು ಅದಕ್ಕೆ ಮೊದಲು ಒಂದು ವರ್ಷ ಬೇರೊಂದು ಕೆಲಸವನ್ನು ಮಾಡಿದ್ದನು. ಜಿಗಣೆಗಳು ಸೂಚನೆ ಕೊಟ್ಟಾಗಲೆಲ್ಲ, ಬಿರುಗಾಳಿ ಬರುವುದಕ್ಕೆ ಮುಂಚೆಯೇ, ಊರಿನ ವಿದ್ವತ್ಸಭೆಯ ಅಧ್ಯಕ್ಷನಿಗೆ ಕಾಗದ ಬರೆದು ಅಂಚೆಗೆ ಹಾಕುತ್ತಿದ್ದನು. ಅಂಚೆಯ ಮುದ್ರೆಯೇ ದಿನಾಂಕಕ್ಕೆ ಸಾಕ್ಷಿ. ಬಿರುಗಾಳಿ ಬಂದುಹೋದ ಮೇಲೆ ನನಗೆ ಮೊದಲೇ ತಿಳಿದಿತ್ತೆನ್ನುವುದು ಬೇರೆ, ಬರುವುದಕ್ಕೆ ಮೊದಲು ಇನ್ನೊಬ್ಬರ ಕೈಯಲ್ಲಿ ಬರವಣಿಗೆಯನ್ನು ಕೊಡುವುದು ಬೇರೆ. ಸಾವಿರಾರು ವರ್ಷಗಳಿಂದ ಪ್ರಾಣಿಗಳ ಮುನ್ನರಿವನ್ನು ಕುರಿತು ನಡೆದುಬಂದ ಮಾತಿನಲ್ಲಿ ಇಂತಹ ಶಿಸ್ತನ್ನು ತಂದವನು ಅವನು. ಸರ್ಕಾರವು ತನ್ನ ಯಂತ್ರವನ್ನು ಕರಾವಳಿಯಲ್ಲಿ ಇಡಿಸಬೇಕೆಂದು ಅವನು ಕೋರಿದನು, ಸರ್ಕಾರ ಒಪ್ಪಲಿಲ್ಲ. ಮೂಲಯಂತ್ರ ಉಳಿದಿಲ್ಲ, 1951ರ ಬ್ರಿಟಿಷ್ ಉತ್ಸವಕ್ಕಾಗಿ ಮಾಡಿದ ಪ್ರತಿಕೃತಿ ಈಗ ಇದೆ.

ಸರ್ಕಾರ ಒಪ್ಪದಿದ್ದುದರಲ್ಲಿ ತಪ್ಪಿರಲಿಲ್ಲವೆಂಬುದನ್ನು ಮುಂದಿನ ಹದಿನೈದು ವರ್ಷಗಳ ದುರಂತಗಳು ತೋರಿಸಿದುವು. 1859ರ ಅಕ್ಟೋಬರ್ 26ರಂದು, ಆಸ್ಟ್ರೇಲಿಯದಿಂದ ಲಿವರ್‌ಪೂಲಿಗೆ ಹಿಂದಿರುಗುತ್ತಿದ್ದ ರಾಯಲ್ ಚಾರ್ಟರ್ ಎಂಬ ಹಡಗು ವೇಲ್ಸಿನ ಆಂಗಲ್ಸೀ ದ್ವೀಪದ ಬಂಡೆಗಳಿಗೆ ಬಡಿದು ಒಡೆದು, ಸುಮಾರು 450 ಮಂದಿ ಸತ್ತರು. ಡಾರ್ವಿನನು ಪ್ರಯಾಣಮಾಡಿದ ಬೀಗಲ್ ಹಡಗಿನ ನಾಯಕನಾಗಿದ್ದ ರಾಬರ್ಟ್ ಫಿಟ್ಸ್‌ರಾಯನು ಆಗ ಬ್ರಿಟಿಷ್ ಹವಾಮಾನ ಇಲಾಖೆಯ ಮುಖ್ಯಸ್ಥ. ಕರಾವಳಿಯ ಹಲವೆಡೆಗಳಿಂದ ವಾಯುಭಾರದ ಅಳತೆಗಳನ್ನು ತಂತಿಯ ಮೂಲಕ ತರಿಸಿಕೊಂಡಿದ್ದರೆ ಆ ಬಿರುಗಾಳಿಯ ಮಾರ್ಗ ಮೊದಲೇ ತಿಳಿಯುತ್ತಿತ್ತೆಂದು ಅವನು ಮನಗಂಡನು. 1861ರಲ್ಲಿ ಬಂದರುಗಳಿಗೆ ಎಚ್ಚರಿಕೆಯ ಸಂಕೇತಗಳನ್ನು ಕೊಡುವ ಪದ್ಧತಿ ಆರಂಭವಾಯಿತು. ಅವನ ಹೇಳಿಕೆಗಳು ಎಷ್ಟೋ ಸಲ ತಪ್ಪಿದುವು, ಪತ್ರಿಕೆಗಳು ಗೇಲಿ ಮಾಡಿದುವು, ವಿಜ್ಞಾನಿಗಳೂ ಮುನಿದರು. 1865ರಲ್ಲಿ ಅವನು ತನ್ನ ಕೈಯಿಂದಲೇ ಪ್ರಾಣ ಕಳೆದುಕೊಂಡನು. ಮರುವರ್ಷ ಎಚ್ಚರಿಕೆಗಳನ್ನು ನಿಲ್ಲಿಸಿಬಿಟ್ಟರು. ಆದರೆ 1867ರಲ್ಲಿ ಮತ್ತೆ ಆರಂಭಿಸಬೇಕಾಯಿತು: ಸಮುದ್ರವನ್ನು ನಂಬಿ ಬದುಕುವವರಿಗೆ ಅವು ಬೇಕಾಗಿದ್ದುವು. ಫಿಟ್ಸ್‌ರಾಯನ ತಪ್ಪುಗಳನ್ನು ಎಣಿಸುವುದಕ್ಕೆ ಸಾಧ್ಯವಾದದ್ದು ಅವನು ದಿನದಿನವೂ ಅವನ್ನು ಅಚ್ಚುಹಾಕಿಸಿದ್ದರಿಂದ. ನಾಯಿಯ ತಪ್ಪುಗಳನ್ನು ಯಾರೂ ಅಚ್ಚುಹಾಕಿಸಲಿಲ್ಲವಾದ್ದರಿಂದ ನಾಯಿಯ ಕೀರ್ತಿ ಹಾಗೆಯೇ ಉಳಿಯಿತು.

ನಮ್ಮ ದೇಶದ ಪೆಟ್ಟು ಇದಕ್ಕಿಂತ ಬಹು ದೊಡ್ಡದು. 1864ರ ಅಕ್ಟೋಬರ್ 5ರಂದು ಕಲ್ಕತ್ತೆಯ ಮೇಲೆ ಬಿದ್ದ ಚಂಡಮಾರುತದಲ್ಲಿ 50,000ಕ್ಕೂ ಹೆಚ್ಚು ಜನ ಸತ್ತರು. ಒಂದು ತಿಂಗಳು ತುಂಬುವುದರೊಳಗಾಗಿ, ನವೆಂಬರ್ 1ರಂದು, ಮಚಲೀಪಟ್ಟಣದ ಮೇಲೆ ಇನ್ನೊಂದು ಬಿದ್ದು ಸಾವಿರಾರು ಜನರನ್ನು ಸಮುದ್ರದ ಉಬ್ಬರದಲ್ಲಿ ಕೊಚ್ಚಿಕೊಂಡು ಹೋಯಿತು. ಆ ದಿನಗಳಲ್ಲಿ ಕಲ್ಕತ್ತೆಯ ಬೀದಿಗಳಲ್ಲಿ ನಾಯಿಗಳಿಗೆ ಕೊರತೆಯಿರಲಿಲ್ಲ. ಅವು ಊಳಿಟ್ಟಿದ್ದರೂ ಇಟ್ಟಿರಬಹುದು. ಅದರಿಂದ ಏನಾಗುತ್ತಿತ್ತು? ಬಂಗಾಳ ಕೊಲ್ಲಿಯ ಚಂಡಮಾರುತ ದಡಕ್ಕೆ ಬರುವುದಕ್ಕೆ ಹಲವು ದಿನಗಳ ಹಿಂದೆ, ನೂರಾರು ಮೈಲಿ ದೂರದ ನೀರಿನ ಮೇಲೆ ಹುಟ್ಟುತ್ತದೆ. ಹಡಗನ್ನು ಹೊರಡದಂತೆ ತಡೆಯಬೇಕಾದರೆ, ತಗ್ಗಿನ ಹಳ್ಳಿಯ ಜನ ಮಕ್ಕಳುಮರಿಗಳೊಡನೆ ದಿಬ್ಬಕ್ಕೆ ಸೇರಬೇಕಾದರೆ, ಒಂದೆರಡು ದಿನಗಳ ಕಾಲಾವಕಾಶವಾದರೂ ಬೇಕು. ಸದ್ಯೋವರ್ಷದ ನಾಯಿ ಆ ಕಾಲಾವಕಾಶವನ್ನು ಕೊಡಲಾರದು. ಈ ಎರಡು ಚಂಡಮಾರುತಗಳೂ, ಅವುಗಳ ಬೆನ್ನಿಗೆ ಬಂದ ಕ್ಷಾಮಗಳೂ ಸೇರಿ, 1875ರಲ್ಲಿ ಭಾರತದ ಹವಾಮಾನ ಇಲಾಖೆ ಹುಟ್ಟಿತು, ಎಚ್. ಎಫ್. ಬ್ಲಾನ್‌ಫರ್ಡನು ಅದರ ಮೊದಲನೆಯ ಅಧಿಕಾರಿಯಾದನು. ಎಚ್ಚರಿಕೆಯ ಬೆಲೆಯನ್ನು ತಿಳಿಯಬೇಕಾದರೆ ಒಡಿಶಾದ ಕರಾವಳಿಯನ್ನು ನೋಡಬೇಕು. 1999ರ ಅಕ್ಟೋಬರಿನ ಚಂಡಮಾರುತದಲ್ಲಿ ಅಲ್ಲಿ ಸುಮಾರು 10,000 ಜನ ಸತ್ತರು. 2013ರ ಅಕ್ಟೋಬರಿನಲ್ಲಿ ಫೈಲಿನ್ ಎಂಬ ಚಂಡಮಾರುತ ಬಂದಾಗ ಲಕ್ಷಾಂತರ ಜನರನ್ನು ಮುಂಚಿತವಾಗಿ ಸಾಗಿಸಿದ್ದರಿಂದ ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ.

ಹಾಗಾದರೆ ನಾಯಿಗೆ ಏನೂ ತಿಳಿಯುವುದಿಲ್ಲವೆ? ಹಾಗೆನ್ನುವುದು ಅನ್ಯಾಯ. ಆದರೆ ಜನ ಹೇಳುವ ಕಾರಣಗಳನ್ನು ಒಂದೊಂದಾಗಿ ತೂಗಿನೋಡಬೇಕು. ವಾಯುಭಾರ ಇಳಿಯುವುದು ನಾಯಿಗೆ ತಿಳಿಯುತ್ತದೆಂಬುದು ಮೊದಲನೆಯದು. ಸಾಮಾನ್ಯವಾದ ಗುಡುಗುಮಳೆಗೆ ಮುಂಚೆ ವಾಯುಭಾರದ ಏರಿಳಿತ ಕೆಲವೇ ಮಿಲಿಬಾರ್. ಮೈಸೂರಿನಿಂದ ಚಾಮುಂಡಿಬೆಟ್ಟಕ್ಕೆ ಮೆಟ್ಟಿಲು ಹತ್ತಿಹೋದರೆ ಅದರ ಹಲವು ಪಟ್ಟು, ಎಂದರೆ ಸುಮಾರು 30 ಮಿಲಿಬಾರಿನಷ್ಟು, ಭಾರ ಕಡಮೆಯಾಗುತ್ತದೆ. ಯಾತ್ರಿಕರ ಜೊತೆಯಲ್ಲಿ ಹತ್ತುವ ನಾಯಿ ನಂದಿಯ ಬಳಿ ಕುಳಿತು ಪ್ರಳಯವಾಯಿತೆಂದು ಅಳುವುದಿಲ್ಲ, ಕಡಲೆಪುರಿಗಾಗಿ ಬಾಲವಾಡಿಸುತ್ತದೆ. ವಾಯುಭಾರವೊಂದೇ ಕಾರಣವೆಂಬುದು ಇಲ್ಲಿಗೆ ಸಾಕಷ್ಟು ಸಡಿಲವಾಯಿತು. ಎರಡನೆಯದು ಕಿವಿ. ಮನುಷ್ಯನಿಗೆ ಕೇಳಿಸದಷ್ಟು ಮಂದ್ರವಾದ ಗುಡುಗು ನಾಯಿಗೆ ಕೇಳಿಸುತ್ತದೆಂದು ಹೇಳುವುದುಂಟು. ಪರೀಕ್ಷೆಮಾಡಿ ನೋಡಿದ್ದರಲ್ಲಿ ನಾಯಿಯ ಕಿವಿ ಸೆಕೆಂಡಿಗೆ ಸುಮಾರು 65 ಕಂಪನಗಳಿಂದ 45,000 ಕಂಪನಗಳವರೆಗೆ ಗ್ರಹಿಸುತ್ತದೆ. ಮನುಷ್ಯನದು 20ರಿಂದ 20,000ದವರೆಗೆ. ನಾಯಿಯ ಮೇಲ್ಮೆ ತಾರಸ್ಥಾಯಿಯಲ್ಲಿದೆ, ಮಂದ್ರದಲ್ಲಿಲ್ಲ.

ಉಳಿದದ್ದು ಮೂಗು. ಇಲ್ಲಿ ನಾಯಿಯ ಪಕ್ಷ ಬಲವಾಗಿದೆ. ಗುಡುಗುಮೋಡದಿಂದ ಕೆಳಕ್ಕೆ ಬಿದ್ದ ತಂಪುಗಾಳಿ ನೆಲದ ಮೇಲೆ ಹರಡಿ, ಮಳೆಗಿಂತ ಕೆಲವು ಮೈಲಿ ಮುಂದಾಗಿ ಓಡುತ್ತದೆ. ಆಗಲೇ ಮಳೆ ಬಿದ್ದ ಊರಿನ ನೆಂದ ಮಣ್ಣಿನ ವಾಸನೆಯನ್ನು ಅದು ಹೊತ್ತು ತರುತ್ತದೆ. ಆ ವಾಸನೆಗೆ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು 1964ರಲ್ಲಿ ಪೆಟ್ರಿಕಾರ್ ಎಂದು ಹೆಸರಿಟ್ಟರು. ನಮ್ಮ ಕನೌಜಿನ ಅತ್ತರಿನವರು ಅದನ್ನು ಬಟ್ಟಿಯಿಳಿಸಿ ಮಾರುತ್ತಿದ್ದುದು ಅದಕ್ಕಿಂತ ಹಿಂದಿನಿಂದ. ಮನುಷ್ಯನ ಮೂಗಿಗೇ ಈ ವಾಸನೆ ಅತ್ಯಲ್ಪ ಪ್ರಮಾಣದಲ್ಲಿ ತಿಳಿಯುವುದಾದರೆ ನಾಯಿಗೆ ಇನ್ನೂ ಬೇಗ ತಿಳಿಯುವುದು ಸಂಭವನೀಯ. ಹಾಗಿದ್ದಲ್ಲಿ ಅದು ಓದುತ್ತಿರುವುದು ನಾಳೆಯನ್ನಲ್ಲ, ಪಕ್ಕದ ಊರನ್ನು.

ಇನ್ನೊಂದು ಸಂಗತಿಯೂ ಇದೆ. ಅಮೆರಿಕದಲ್ಲಿ ಗುಡುಗಿಗೆ ಹೆದರುವ 19 ನಾಯಿಗಳಿಗೆ ಮುದ್ರಿಸಿದ ಗುಡುಗಿನ ಧ್ವನಿಯನ್ನು ಕೇಳಿಸಿ ಪರೀಕ್ಷಿಸಿ, ಫಲಿತಾಂಶವನ್ನು 2005ರಲ್ಲಿ ಪ್ರಕಟಿಸಿದರು. ಅವುಗಳ ದೇಹದಲ್ಲಿ ಭಯದ ಕಾಲಕ್ಕೆ ಏರುವ ಕಾರ್ಟಿಸಾಲ್ ಎಂಬ ದ್ರವ್ಯವು ಎರಡು ಪಟ್ಟನ್ನೂ ಮೀರಿ ಏರಿತು. ಅಲ್ಲಿ ಮೋಡವೂ ಇರಲಿಲ್ಲ, ಮಣ್ಣಿನ ವಾಸನೆಯೂ ಇರಲಿಲ್ಲ. ನಾಯಿ ಹೆದರುವುದು ಗುಡುಗಿಗೆ. ಹಾಗೆ ಹೆದರಿದ ನಾಯಿ, ಗುಡುಗಿಗೆ ಮುಂಚೆ ಪ್ರತಿಸಲವೂ ಏಳುವ ಗಾಳಿ, ಕವಿಯುವ ಕತ್ತಲೆ, ಬರುವ ವಾಸನೆ ಇವನ್ನೆಲ್ಲ ಗುಡುಗಿನ ಗುರುತಾಗಿ ಕಲಿತುಕೊಳ್ಳುತ್ತದೆ. ಪಾವ್ಲೊವನ ನಾಯಿ ಊಟದ ಗುರುತನ್ನು ಕಲಿತ ಬಗೆಯೂ ಇದೇ. ಒಂದೆರಡು ಮಳೆಗಾಲಗಳನ್ನು ಕಂಡ ನಾಯಿ ಹೀಗೆ ಊರಿನ ಮುದುಕರಷ್ಟೇ ಅನುಭವಶಾಲಿಯಾಗುತ್ತದೆ.

ಬೇರೆ ಪ್ರಾಣಿಗಳ ವಿಷಯದಲ್ಲಿ ಸಾಕ್ಷ್ಯ ಇನ್ನೂ ಗಟ್ಟಿಯಾಗಿದೆ. 2001ರ ಸೆಪ್ಟೆಂಬರಿನಲ್ಲಿ ಫ್ಲಾರಿಡದ ಒಂದು ಕೊಲ್ಲಿಯಲ್ಲಿ ಗುರುತಿನ ಯಂತ್ರ ಕಟ್ಟಿ ಬಿಟ್ಟಿದ್ದ 13 ಎಳೆಯ ಶಾರ್ಕ್ ಮೀನುಗಳು ಗೇಬ್ರಿಯೆಲ್ ಬಿರುಗಾಳಿ ದಡ ಮುಟ್ಟುವುದಕ್ಕೆ ಮೊದಲು, ವಾಯುಭಾರ ಇಳಿಯುತ್ತಿದ್ದಂತೆ, ಆಳದ ನೀರಿಗೆ ಹೊರಟುಹೋಗಿ ಮತ್ತೆ ಹಿಂದಿರುಗಿದುವು. 2014ರ ಏಪ್ರಿಲಿನಲ್ಲಿ ಟೆನೆಸಿಯ ಬೆಟ್ಟಗಳಲ್ಲಿ ಹೊಂಬಣ್ಣದ ರೆಕ್ಕೆಯ ಐದು ಸಣ್ಣ ಹಕ್ಕಿಗಳು, ಬಿರುಗಾಳಿ ಇನ್ನೂ ಹಲವು ನೂರು ಕಿಲೋಮೀಟರು ದೂರದಲ್ಲಿರುವಾಗಲೇ, ಆಗ ತಾನೆ ವಲಸೆ ಬಂದು ಸೇರಿದ್ದ ಗೂಡಿನ ನೆಲೆಯನ್ನು ಬಿಟ್ಟು ಹಾರಿ, ಐದು ದಿನಗಳಲ್ಲಿ 1,500 ಕಿಲೋಮೀಟರಿಗೂ ಹೆಚ್ಚು ಸುತ್ತಿ ಹಿಂದಿರುಗಿದುವು. ಬಿರುಗಾಳಿಯಿಂದ ಹೊರಡುವ ಅತಿಮಂದ್ರವಾದ ನಾದವೇ ಅವುಗಳಿಗೆ ಸುದ್ದಿ ಕೊಟ್ಟಿರಬೇಕೆಂದು ವಿಜ್ಞಾನಿಗಳ ಊಹೆ. ಈ ಎರಡು ಸಂದರ್ಭಗಳಲ್ಲಿಯೂ ಪ್ರಾಣಿಯ ಮೈಮೇಲೆ ಯಂತ್ರವಿತ್ತು. ದಿನಾಂಕವನ್ನು ಮನುಷ್ಯನ ನೆನಪಿಗೆ ಬಿಟ್ಟಿರಲಿಲ್ಲ. ನಾಯಿಯ ವಿಷಯದಲ್ಲಿ ನಮಗಿರುವ ಆಧಾರದಲ್ಲಿ ಬಹುಭಾಗ ಅದನ್ನು ಪ್ರೀತಿಸುವ ಯಜಮಾನರ ಮಾತು. ಪ್ರೀತಿಯುಳ್ಳ ಸಾಕ್ಷಿಯನ್ನು ನ್ಯಾಯಾಲಯದಲ್ಲಿ ಹೇಗೆ ತೂಗುತ್ತಾರೋ ಹಾಗೆಯೇ ಇದನ್ನೂ ತೂಗಬೇಕು.

ಮನೆಯಲ್ಲಿ ನಾಯಿಯುಳ್ಳ ಶ್ರೋತೃಗಳು ಮುಂದಿನ ಚೈತ್ರ ವೈಶಾಖಗಳಲ್ಲಿ ಒಂದು ಪುಸ್ತಕವನ್ನು ಇಟ್ಟುಕೊಳ್ಳಬಹುದು. ನಾಯಿ ಚಡಪಡಿಸಿ ಮಳೆಯಾದ ದಿನ, ಚಡಪಡಿಸಿಯೂ ಆಗದ ದಿನ, ಸುಮ್ಮನೆ ಮಲಗಿದ್ದು ಆದ ದಿನ, ಎರಡೂ ಇಲ್ಲದ ದಿನ ಎಂದು ನಾಲ್ಕು ಅಂಕಣಗಳು ಸಾಕು. ಗಂಟೆಯನ್ನೂ ಗುರುತುಹಾಕಬೇಕು. ಮೋಡವನ್ನು ನೋಡಿದ ಮೇಲೆ ನಾಯಿಯನ್ನು ನೋಡಬಾರದು. ನಾಯಿಯನ್ನು ನೋಡಿ ಬರೆದ ಮೇಲೆಯೇ ಬಾಗಿಲು ತೆರೆದು ಮೋಡವನ್ನು ನೋಡಬೇಕು. ಸಾಧ್ಯವಾದರೆ ಮೆರಿವೆದರನಂತೆ ಒಂದು ಕಾರ್ಡನ್ನು ನೆರೆಯವರಿಗೆ ಅಂಚೆಯಲ್ಲಿ ಹಾಕಿಬಿಡುವುದು ಇನ್ನೂ ಉತ್ತಮ.